ಅರ್ಧಕ್ಕೆ ನಿಂತ ಕೌದಿ

ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಹಚ್ಚಿ, ಇಡೀ ಮೈಗೆ ಸಾಲಾಗಿ ಕೈಹೊಲಿಗೆ ಹಾಕಿದರೆ ಕೌದಿ ಆಗುತ್ತದೆ. ರಜಾಯಿಯ ಹಾಗೆ ಇದರ ಹೊಟ್ಟೆಯಲ್ಲಿ ಅರಳೆ ಇರುವುದಿಲ್ಲ, ಬಟ್ಟೆಯೇ ಇರುತ್ತದೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಮನೆಗಳಲ್ಲಿ ನೆಲಕ್ಕೆ ಹಾಸಲು, ಡಿಸೆಂಬರ್, ಜನವರಿಯ ಚಳಿಗೆ ಹೊದೆಯಲು, ಕೂಸಿನ ತೊಟ್ಟಿಲಿಗೆ, ಗಂಡನ ಮನೆಗೆ ಹೋಗುವ ಮಗಳ ಗಂಟಿಗೆ ಒದಗಿ ಬಂದದ್ದು ಕೌದಿಯೇ. ಇದೇ ಮನೆಗಳ ಟ್ರಂಕು, ಅಟ್ಟಗಳಲ್ಲಿ ಅರ್ಧ ಹೊಲಿದು ಸುತ್ತಿಟ್ಟ ಕೌದಿಗಳೂ ಇರುತ್ತವೆ. ಹೊಲಿಯುತ್ತಿದ್ದ ಅಜ್ಜಿ ತೀರಿಕೊಂಡಿರಬಹುದು, ಮನೆ ಬದಲಾಗಿರಬಹುದು, ಸೊಸೆಗೆ ಸೂಜಿ ಹಿಡಿಯಲು ವೇಳೆ ಸಿಕ್ಕಿಲ್ಲದಿರಬಹುದು. ಪುರುಸೊತ್ತು ಸಾಲದೆ ನಿಂತವು ಎಂಬುದು ಎಲ್ಲರೂ ಕೊಡುವ ಕಾರಣ. ಅದು ಅರ್ಧ ಮಾತ್ರ ನಿಜ. ಕೌದಿಗೆ ತಕ್ಕ ಬಟ್ಟೆ ಮನೆಯಲ್ಲಿ ಹುಟ್ಟುವುದು ನಿಂತದ್ದು ಇನ್ನೂ ದೊಡ್ಡ ಕಾರಣ. ಹಳೆಯ ಕೌದಿಯನ್ನು ಮುಗಿಸಲು ಕೂರುವವರು ಮೊದಲು ಬಟ್ಟೆಯನ್ನು ಅರಿಯಬೇಕು, ಆಮೇಲೆ ಹೊಲಿಗೆಯನ್ನು.

ಕೌದಿಯ ಗುಣವೆಲ್ಲ ಸವೆದ ಹತ್ತಿಯ ಗುಣ. ವರ್ಷಗಟ್ಟಲೆ ಉಟ್ಟು ಒಗೆದ ನೂಲಿನ ಸೀರೆಯಲ್ಲಿ ಗಂಜಿ ಉಳಿದಿರುವುದಿಲ್ಲ, ಕುಗ್ಗುವುದೆಲ್ಲ ಕುಗ್ಗಿ ಮುಗಿದಿರುತ್ತದೆ, ಬಿಡುವ ಬಣ್ಣ ಬಿಟ್ಟಾಗಿರುತ್ತದೆ, ಐದಾರು ಪದರದಲ್ಲೂ ಸೂಜಿ ಸಲೀಸಾಗಿ ಇಳಿಯುತ್ತದೆ. ಈ ಸೀಮೆಯಲ್ಲಿ ಅಂಥ ಬಟ್ಟೆಗೆ ಬರವಿರಲಿಲ್ಲ. ಜಿಲ್ಲೆಯ ಒಂದು ಬದಿಗೆ ಇಳಕಲ್ಲ, ಗುಳೇದಗುಡ್ಡ. ಇನ್ನೊಂದು ಬದಿಗೆ ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರ. ಎಲ್ಲವೂ ಮಗ್ಗದ ಊರುಗಳು. ಇಳಕಲ್ಲ ಸೀರೆಯೊಂದು ಹಳತಾದರೆ ಅದರ ಒಡಲು ಕೌದಿಯ ಹಿಂಬದಿಗೆ ಹೋಗುತ್ತದೆ, ದಡಿ ನಾಲ್ಕು ಅಂಚಿಗೆ ಬರುತ್ತದೆ, ಕೆಂಪು ಬಿಳಿಯ ಟೋಪ ತೆನೆ ಸೆರಗು ನಡುವಿನ ಚೌಕದಲ್ಲಿ ಕೂರುತ್ತದೆ. ಗುಳೇದಗುಡ್ಡದ ಖಣದ ಕುಬಸ ಹರಿದರೆ ಬೆನ್ನು, ತೋಳಿನ ಗಟ್ಟಿ ಭಾಗ ಸಣ್ಣ ತ್ರಿಕೋನಗಳಾಗುತ್ತವೆ. ಒಳಪದರಕ್ಕೆ ಧೋತರ, ರುಮಾಲು, ಹಳೆಯ ದುಪ್ಪಟಿ. ಮೇಲಿನ ತುಂಡುಗಳಿಗೆ ಅಂಗಿ, ಲಂಗ, ಶಾಲೆಯ ಸಮವಸ್ತ್ರ. ಬಿಸಾಡುವುದು ಎಂಬುದೇ ಇಲ್ಲದ ಲೆಕ್ಕ ಇದು.

ಪಾಲಿಸ್ಟರ್ ಮತ್ತು ಬೆರಕೆ ನೂಲಿನ ಸೀರೆಗಳು ದಿನದ ಉಡುಗೆಯಾದ ಮೇಲೆ ಈ ಲೆಕ್ಕ ತಪ್ಪಿತು. ಅವು ಬೇಗ ಹರಿಯುವುದಿಲ್ಲ, ಹರಿದರೂ ಮೆತ್ತಗಾಗುವುದಿಲ್ಲ, ಬೆವರು ಹೀರುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ. ಧೋತರ ಉಡುವವರು ಕಡಿಮೆಯಾದರು, ಪ್ಯಾಂಟಿನ ಬಟ್ಟೆಗೆ ಕೈಸೂಜಿ ಇಳಿಯದು. ಕೃಷ್ಣಾ, ಘಟಪ್ರಭಾ ನೀರಾವರಿಯಿಂದ ಜಮಖಂಡಿ, ಮುಧೋಳದ ಹೊಲಗಳಿಗೆ ಕಬ್ಬು ಬಂದ ಮೇಲೆ ಬೇಸಿಗೆಯ ಬಿಡುವು ಹೋದದ್ದೂ ಸುಳ್ಳಲ್ಲ. ಹಿಂಗಾರಿ ಜೋಳದ ಸುಗ್ಗಿ ಮುಗಿದು ಮಳೆಗಾಲ ಹಿಡಿಯುವವರೆಗಿನ ಮೂರು ತಿಂಗಳು ಒಣಭೂಮಿಯ ಊರುಗಳಲ್ಲಿ ಕೌದಿಯ ಕಾಲವಾಗಿತ್ತು. ನೀರಾವರಿಯ ಊರಿಗೆ ಅಂಥ ಮೂರು ತಿಂಗಳೇ ಇಲ್ಲ. ಇದರ ಮೇಲೆ ಸಂತೆಯಲ್ಲಿ ಅಗ್ಗದ ಚಾದರ, ಬ್ಲಾಂಕೆಟ್ ಸಿಗತೊಡಗಿದವು. ಹೊಲಿಯುತ್ತಿದ್ದ ಕೌದಿ ಅಲ್ಲಿಗೆ ಅಟ್ಟ ಹತ್ತಿತು.

ಕೌದಿಯನ್ನು ಎರಡು ಬಗೆಯ ಕೈಗಳು ಹೊಲಿದಿವೆ. ಮನೆಯ ಹೆಂಗಸರು ಓಣಿಯ ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಕೂಡಿ ಕೂತು ಹೊಲಿದುಕೊಳ್ಳುವುದು ಒಂದು. ಗೊಂಧಳಿ ಸಮುದಾಯದ ಹೆಂಗಸರು ಊರೂರಿಗೆ ಬಂದು, ಮನೆಯವರು ಕೊಟ್ಟ ಹಳೆ ಅರಿವೆಯಲ್ಲಿ ಕೂಲಿಗೆ ಹೊಲಿದುಕೊಡುವುದು ಇನ್ನೊಂದು. ಕೂಲಿಯನ್ನು ದುಡ್ಡಿನಲ್ಲೋ ಜೋಳದಲ್ಲೋ ಹಳೆ ಬಟ್ಟೆಯಲ್ಲೋ ತೀರಿಸುತ್ತಿದ್ದರು. ಕಸುಬಿನವರ ಹೊಲಿಗೆ ಒತ್ತಾಗಿ, ಸಾಲು ನೆಟ್ಟಗಿರುತ್ತದೆ. ಮನೆಯ ಹೊಲಿಗೆ ಸಾಲಿಗೊಂದು ಕೈಯಾಗಿ ಏರಿಳಿಯುತ್ತದೆ. ನಾಲ್ಕು ಹೆಂಗಸರು ನಾಲ್ಕು ಬದಿಗೆ ಕೂತು ಹೊಲಿದ ಕೌದಿಯಲ್ಲಿ ಯಾರ ಬದಿ ಯಾವುದು ಎಂದು ಹೊಲಿಗೆ ನೋಡಿ ಹೇಳಬಹುದು. ಅರ್ಧಕ್ಕೆ ನಿಂತದ್ದನ್ನು ಬೇರೊಬ್ಬರು ಮುಗಿಸಲು ಧೈರ್ಯ ಬರುವುದೂ ಇದರಿಂದಲೇ. ಹಲವು ಕೈ ಸೇರುವುದನ್ನು ಕೌದಿ ಮೊದಲಿಂದಲೂ ಒಪ್ಪಿಕೊಂಡಿದೆ. ಕಸೂತಿಯಲ್ಲಾದರೆ ಕೈ ಬದಲಾದ ಜಾಗ ಕಣ್ಣಿಗೆ ಹೊಡೆಯುತ್ತದೆ.

ಕಟ್ಟುವ ಕ್ರಮ ಸರಳ. ಹಿಂಬದಿಯ ಸೀರೆಯನ್ನು ನೆಲಕ್ಕೆ ಬಿಗಿಯಾಗಿ ಹಾಸಿ ಮೂಲೆಗಳಿಗೆ ಭಾರ ಇಡುತ್ತಾರೆ. ಒಂದು ಪನ್ನೆ ಅಗಲ ಸಾಲದ್ದರಿಂದ ಎರಡು ತುಂಡು ಕೂಡಿಸಿರುತ್ತಾರೆ. ಅದರ ಮೇಲೆ ಒಳಪದರಗಳು: ಹೊದೆಯುವುದಕ್ಕೆ ಎರಡು ಮೂರು, ಹಾಸುವುದಕ್ಕೆ ಇನ್ನೂ ಹೆಚ್ಚು. ಒಳಗಿನ ಬಟ್ಟೆ ಹರಿದಿದ್ದರೆ ತೂತಿನ ಮೇಲೆ ತೂತು ಬಾರದಂತೆ ಹರಡಬೇಕು. ಎಲ್ಲಕ್ಕೂ ಮೇಲೆ ತುಂಡುಗಳ ಹಾಸು. ಆಮೇಲೆ ಗೇಣಿಗೊಂದು ಸಾಲಿನಂತೆ ಉದ್ದ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ನಿಲ್ಲಿಸಿ, ದಪ್ಪ ದಾರದಲ್ಲಿ ಖಾಯಂ ಹೊಲಿಗೆ ಶುರುಮಾಡುತ್ತಾರೆ. ಕೆಲವರು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರ ಸಾಲು ಹಾಕುತ್ತಾರೆ, ಕೆಲವರು ಅಂಚಿನಿಂದ ಸುತ್ತುತ್ತ ಚೌಕದೊಳಗೆ ಚೌಕವಾಗಿ ನಡುವಿಗೆ ಬಂದು ಮುಟ್ಟುತ್ತಾರೆ. ಕೊನೆಯ ತುಂಡು ಮುಚ್ಚುವ ಮುನ್ನ ಒಳಗೆ ನಾಲ್ಕು ಕಾಳೋ ಒಂದು ತುಣುಕು ತಿನಿಸೋ ಇಟ್ಟು ಕೌದಿಯ ಹೊಟ್ಟೆ ತುಂಬಿಸುವ ಪದ್ಧತಿ ಕೆಲವು ಕಡೆ ಇದೆ. ಆ ಲೆಕ್ಕದಲ್ಲಿ ಅಟ್ಟದ ಮೇಲಿನ ಕೌದಿಗಳು ಉಪವಾಸವಿರುವವು.

ಮೇಲಿನ ತುಂಡುಗಳನ್ನು ಹಚ್ಚುವುದರಲ್ಲೂ ಎರಡು ಮಾರ್ಗಗಳಿವೆ, ಈ ಭೇದ ಗೊತ್ತಿಲ್ಲದೆ ಹಳೆಯ ಕೌದಿಗೆ ಕೈಹಾಕಬಾರದು. ಒಂದರಲ್ಲಿ ತುಂಡಿನ ಅಂಚನ್ನು ಒಳಕ್ಕೆ ಮಡಿಚಿ, ಪದರಗಳ ಮೇಲೆ ನೇರವಾಗಿ ಇಟ್ಟು ಹೊಲಿಯುತ್ತ ಹೋಗುವುದು. ತುಂಡು ಹಚ್ಚುವುದೂ ಪದರ ಕೂಡಿಸುವುದೂ ಒಂದೇ ಹೊಲಿಗೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಹೆಂಗಸರ ಕವಂದಿ ಹೀಗೆಯೇ ಅಂಚಿನಿಂದ ಒಳಕ್ಕೆ ಬೆಳೆಯುತ್ತದೆ. ಮುಗಿದ ಕವಂದಿಯ ನಾಲ್ಕು ಮೂಲೆಗೂ ಮಡಿಚಿದ ತ್ರಿಕೋನದ ಹೂವು, ಅವರ ಮಾತಿನಲ್ಲಿ ಫೂಲ, ಇರಲೇಬೇಕು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂಅಲ್ ಈ ಕವಂದಿಗಳನ್ನು ಅಧ್ಯಯನ ಮಾಡಿ ಹೊರಜಗತ್ತಿಗೆ ತೋರಿಸಿದರು. 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘವೂ ಹುಟ್ಟಿತು. ಎರಡನೆಯ ಮಾರ್ಗದಲ್ಲಿ ತುಂಡುಗಳನ್ನು ಮೊದಲು ಒಂದಕ್ಕೊಂದು ಕೂಡಿಸಿ ಚೌಕ ಮಾಡಿ, ಚೌಕಗಳನ್ನು ಕೂಡಿಸಿ ಇಡೀ ಮೇಲ್ಹಾಸು ಸಿದ್ಧಮಾಡಿ, ಆಮೇಲೆ ಪದರಗಳ ಮೇಲೆ ಹೊದಿಸುವುದು. ಅಮೆರಿಕ, ಯುರೋಪಿನ ತೇಪೆ ಹೊದಿಕೆಗಳು ಬಹುಪಾಲು ಇದೇ ಕ್ರಮದವು. ಬಾಗಲಕೋಟೆಯ ಕಡೆಯ ಕೌದಿಗಳಲ್ಲಿ ಎರಡೂ ಸಿಗುತ್ತವೆ; ಒಂದೇ ಕೌದಿಯಲ್ಲಿ ನಡುವಿನ ಚೌಕ ಕೂಡಿಸಿದ್ದು, ಸುತ್ತಲಿನದು ಮಡಿಚಿ ಹಚ್ಚಿದ್ದು ಇರುವುದೂ ಉಂಟು.

ಚಿತ್ತಾರಗಳು ಹೆಚ್ಚಿಲ್ಲ, ಇರುವಷ್ಟು ಸಾಕು. ಬಣ್ಣ ಬದಲಿಸಿ ಬದಲಿಸಿ ಇಟ್ಟ ಚೌಕಗಳು, ಪಗಡೆ ಹಾಸಿನ ಹಾಗೆ ನಡುವಿನಿಂದ ನಾಲ್ಕು ದಿಕ್ಕಿಗೆ ಹೊರಟ ಪಟ್ಟಿಗಳು, ಒಂದು ಚೌಕದ ಸುತ್ತ ಇನ್ನೊಂದು ಚೌಕ, ಅಂಚಿನುದ್ದಕ್ಕೂ ಸಾಲು ತ್ರಿಕೋನ. ಇವೆಲ್ಲ ಕತ್ತರಿ ಕಡಿಮೆ ಓಡುವ ರೂಪಗಳು, ಉದ್ದೇಶವೂ ಅದೇ. ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು ಹೊಲದ ಕೆಲಸದ ಹಳೆ ಬಟ್ಟೆಯಲ್ಲಿ ಹೊಲಿದ ಹೊದಿಕೆಗಳನ್ನು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯ ಗೋಡೆಗೆ ತೂಗುಹಾಕಿದಾಗ ವಿಮರ್ಶಕರು ಅವನ್ನು ಆಧುನಿಕ ಚಿತ್ರಕಲೆಗೆ ಹೋಲಿಸಿದರು. ಬೀಳಗಿಯ ಒಂದು ಹಾಸುಗೌದಿಯನ್ನು ಅದರ ಪಕ್ಕಕ್ಕೆ ತೂಗಿದರೆ ನಾಚಿಕೆಪಡಬೇಕಾದ್ದೇನಿಲ್ಲ.

ಅಟ್ಟದಿಂದ ಇಳಿಸಿದ ಅರೆಗೌದಿಗೆ ಮೊದಲು ಆಗಬೇಕಾದ್ದು ಬಿಸಿಲು ಮತ್ತು ತಪಾಸಣೆ, ಸೂಜಿ ಅಲ್ಲ. ನೆಲಕ್ಕೆ ಬಿಡಿಸಿ ಹಾಸಿ, ಮಡಿಕೆಯ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ವರ್ಷಾನುಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ಹತ್ತಿ ಮೊದಲು ಸೀಳುವುದು ಅಲ್ಲೇ. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಸದ್ದಿಲ್ಲದೆ ಬಿಟ್ಟುಬರುವ ಜಾಗ ಹೊಲಿಗೆ ತಡೆಯದು. ಬೆಳ್ಳಿಮೀನು ಹುಳ ಗಂಜಿ ಇರುವ ಕಡೆ ತಿನ್ನುತ್ತದೆ, ಇಲಿ ಎಲ್ಲಿ ಬೇಕಾದರೂ. ಟಾಚಣಿ ಚುಚ್ಚಿ ಇಟ್ಟಿದ್ದರೆ ತುಕ್ಕಿನ ಕಲೆ ಇರುತ್ತದೆ, ಆ ಕಲೆಯ ಸುತ್ತ ನೂಲು ಮೆದುವಾಗಿರುತ್ತದೆ. ನೀರು ತಗುಲಿದ ಕೌದಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಜಮಖಂಡಿ, ಮುಧೋಳ ತಾಲೂಕುಗಳ ನದಿದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಅಂಥ ನೀರಲ್ಲಿ ನೆನೆದು ಪೂರ್ತಿ ಒಣಗದೆ ಸುತ್ತಿಟ್ಟದ್ದರ ಹೊರಪದರ ಚೆನ್ನಾಗಿ ಕಂಡರೂ ಒಳಪದರ ಬೂಸ್ಟು ಹಿಡಿದು ಕೊಳೆತಿರಬಹುದು. ಒಂದು ಮೂಲೆಯ ಹೊಲಿಗೆ ಬಿಚ್ಚಿ ಒಳಗನ್ನು ನೋಡದೆ ಮುಂದುವರಿಯುವುದು ವ್ಯರ್ಥ ಶ್ರಮ.

ನಿಂತ ಹಂತ ಯಾವುದು ಎಂಬುದರ ಮೇಲೆ ಮುಂದಿನ ಕೆಲಸ ನಿಲ್ಲುತ್ತದೆ. ಮೇಲ್ಹಾಸಿನ ತುಂಡು ಜೋಡಣೆಯಷ್ಟೇ ಆಗಿದ್ದರೆ ಅದು ಹೊಸ ಕೌದಿಯೇ ಸರಿ. ಒಗೆದು, ಹರಿದ ತುಂಡು ಬದಲಿಸಿ, ಪದರ ಹಾಸಿದರಾಯಿತು. ಇಂಥದ್ದನ್ನು ನಡುವಿನಿಂದ ಹೊರಕ್ಕೆ ಹೊಲಿಯುವುದು ವಾಸಿ. ಕೂಡಿಸಿ ಮುಗಿದ ಮೇಲ್ಹಾಸನ್ನು ಅಂಚಿನಿಂದ ಹೊಲಿಯುತ್ತ ಬಂದರೆ ಉಳಿದ ಸಡಿಲೆಲ್ಲ ನಡುವಿಗೆ ನೂಕಿಬಂದು ಅಲ್ಲಿ ನೆರಿಗೆ ಬೀಳುತ್ತದೆ. ಮಡಿಚಿ ಹಚ್ಚುವ ಮಾರ್ಗದಲ್ಲಿ ಈ ಕಷ್ಟವಿಲ್ಲ, ಸಡಿಲನ್ನು ಮುಂದಿನ ತುಂಡು ನುಂಗುತ್ತದೆ.

ಕಚ್ಚಾ ಹೊಲಿಗೆ ಹಾಕಿ ಬಿಟ್ಟದ್ದು ಎಲ್ಲಕ್ಕಿಂತ ಹೆಚ್ಚು ಕೆಲಸ ಕೇಳುತ್ತದೆ, ಅದೇ ಹೆಚ್ಚು ಮೋಸವನ್ನೂ ಮಾಡುತ್ತದೆ. ನೋಡಲು ಎಲ್ಲ ಸಿದ್ಧವಿದ್ದಂತಿರುತ್ತದೆ, ಸೂಜಿ ಪೋಣಿಸಿ ಶುರುಮಾಡಬೇಕೆನಿಸುತ್ತದೆ. ಆದರೆ ಸುತ್ತಿಟ್ಟ ವರ್ಷಗಳಲ್ಲಿ ಪದರಗಳು ಒಂದೊಂದು ದಿಕ್ಕಿಗೆ ಜಗ್ಗಿರುತ್ತವೆ, ಕಚ್ಚಾ ದಾರ ಅಲ್ಲಲ್ಲಿ ಕಡಿದಿರುತ್ತದೆ. ಇದರ ಮೇಲೆ ಖಾಯಂ ಹೊಲಿಗೆ ಹಾಕಿದರೆ ಒಳಗಿನ ಸುಕ್ಕು ಶಾಶ್ವತವಾಗುತ್ತದೆ. ಹಳೆಯ ಕಚ್ಚಾ ಹೊಲಿಗೆಯನ್ನು ಪೂರ್ತಿ ಬಿಚ್ಚಿ, ಪದರಗಳನ್ನು ಬೇರೆ ಮಾಡಿ, ಒಂದೊಂದನ್ನೂ ಒಗೆದು ಒಣಗಿಸಿ ಮತ್ತೆ ಹಾಸುವುದೇ ದಾರಿ. ಬಿಚ್ಚುವ ಮುನ್ನ ಮೇಲಿಂದ ಒಂದು ಫೋಟೊ ತೆಗೆದಿಟ್ಟುಕೊಂಡರೆ ಮೊದಲು ಹಾಸಿದವರ ಲೆಕ್ಕ ತಪ್ಪುವುದಿಲ್ಲ.

ಮುಕ್ಕಾಲು ಹೊಲಿಗೆ ಆಗಿ ನಿಂತದ್ದರಲ್ಲಿ ಮಾಡಬೇಕಾದ್ದಕ್ಕಿಂತ ಮಾಡಬಾರದ್ದೇ ಮುಖ್ಯ. ಹೊಸ ಹೊಲಿಗೆಗೆ ಸರಿಹೊಂದಲಿ ಎಂದು ಹಳೆಯದನ್ನು ಬಿಚ್ಚಬಾರದು. ಒಂದು ಗೇಣಿಗೆ ಎಷ್ಟು ಹೊಲಿಗೆ, ಸಾಲಿನಿಂದ ಸಾಲಿಗೆ ಎಷ್ಟು ಅಂತರ ಎಂದು ಎಣಿಸಿ, ಹಾಳು ಬಟ್ಟೆಯ ಮೇಲೆ ನಾಲ್ಕು ಸಾಲು ಹಾಕಿ ಕೈ ಹದಮಾಡಿಕೊಂಡು ಮುಂದುವರಿಯಬೇಕು. ಆದರೂ ಕೈ ಬೇರೆ ಎಂದು ಕಂಡೇ ಕಾಣುತ್ತದೆ, ಕಂಡರೆ ಕಾಣಲಿ. ದಾರ ಹತ್ತಿಯದೇ ಆಗಬೇಕು. ಪಾಲಿಸ್ಟರ್ ದಾರ ಹಳೆಯ ಬಟ್ಟೆಗಿಂತ ಗಟ್ಟಿ, ಎಳೆದಾಡಿದಾಗ ದಾರ ಕಡಿಯದೆ ಬಟ್ಟೆ ಕಡಿಯುತ್ತದೆ. ಬನಹಟ್ಟಿ, ರಬಕವಿಯ ನೇಕಾರರ ಮನೆಯಲ್ಲಾದರೆ ಮಗ್ಗದಲ್ಲಿ ಉಳಿದ ಹತ್ತಿ ನೂಲನ್ನೇ ನಾಲ್ಕೈದು ಎಳೆ ಕೂಡಿಸಿ ಹುರಿ ಮಾಡಿಕೊಳ್ಳಬಹುದು.

ಇನ್ನು ಕಡಿಮೆ ಬಿದ್ದ ತುಂಡುಗಳ ಮಾತು. ಹೊಸ ಬಟ್ಟೆ ತಂದು ನೇರ ಹಚ್ಚಿದರೆ ಮೊದಲ ಒಗೆತದಲ್ಲೇ ಅದು ಕುಗ್ಗಿ ಸುತ್ತಲಿನ ಹಳೆ ಬಟ್ಟೆಯನ್ನು ಜಗ್ಗುತ್ತದೆ. ಕೈಮಗ್ಗದ ಹೊಸ ಬಟ್ಟೆಯಲ್ಲಿ ನೇಯ್ಗೆಯ ಗಂಜಿಯೂ ಇರುತ್ತದೆ. ಬಿಸಿನೀರಲ್ಲಿ ಎರಡು ಮೂರು ಸಲ ಒಗೆದು ಒಣಗಿಸಿಯೇ ಕತ್ತರಿಸಬೇಕು. ಕಡುಗೆಂಪು ಬಟ್ಟೆಗೆ ಒಂದು ಪರೀಕ್ಷೆ ಉಂಟು: ಬಿಳಿ ಚಿಂದಿ ಒದ್ದೆಮಾಡಿ ಉಜ್ಜಿದಾಗ ಬಣ್ಣ ಹತ್ತಿದರೆ ಆ ಬಟ್ಟೆ ಕೌದಿಗೆ ಬೇಡ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ಮನೆಮನೆಯಲ್ಲಿದೆ; ಬಣ್ಣ ಹಾಕುವಾಗ ಉಪ್ಪಿನ ಕೆಲಸ ಬೇರೆ, ಹಾಕಿ ಮುಗಿದ ಬಟ್ಟೆಯ ಬಣ್ಣವನ್ನು ಅದು ಹಿಡಿದಿಡಲಾರದು. ಖಣದಲ್ಲಿ ರೇಷ್ಮೆಯೂ ಹತ್ತಿಯೂ ಬೆರೆತಿರುವುದರಿಂದ, ಕತ್ತರಿಸಿದ ಅಂಚಿನಲ್ಲಿ ಎಳೆ ಬಿಡುವುದರಿಂದ, ಅದರ ತುಂಡಿನ ಹಿಂದೆ ತೆಳು ಹತ್ತಿ ಬಟ್ಟೆ ಇಟ್ಟು ಹೊಲಿಯುವುದು ಒಳ್ಳೆಯದು. ಇದೆಲ್ಲಕ್ಕಿಂತ ಸುಲಭದ ಉಪಾಯ, ನೆಂಟರಿಷ್ಟರ ಮನೆಯಲ್ಲಿ ಹಳೆಯ ನೂಲಿನ ಸೀರೆ ಕೇಳಿ ಪಡೆಯುವುದು.

ಸಾಂಪ್ರದಾಯಿಕ ಚೌಕಗಳಲ್ಲಿ ಒಂಬತ್ತು ಮನೆಯದು ಕಲಿಯಲು ಮೊದಲನೆಯದು. ಇಂಗ್ಲಿಷ್ ಬಲ್ಲ ಹೊಲಿಗೆಗಾರರು ನೈನ್ ಪ್ಯಾಚ್ ಎನ್ನುವುದು ಇದನ್ನೇ. ಮೂರೂವರೆ ಇಂಚಿನ ಒಂಬತ್ತು ತುಂಡು ಕತ್ತರಿಸಿ, ಕಾಲು ಇಂಚು ಅಂಚು ಬಿಟ್ಟು ಮೂರು ಮೂರಾಗಿ ಕೂಡಿಸಿ, ಮೂರು ಸಾಲನ್ನು ಮತ್ತೆ ಕೂಡಿಸಿದರೆ, ಕೌದಿಯಲ್ಲಿ ಕೂತ ಮೇಲೆ 9 ಇಂಚಿನ ಚೌಕವಾಗುತ್ತದೆ. ಆರು ಅಡಿ ಅಗಲ, ಏಳೂವರೆ ಅಡಿ ಉದ್ದದ ಕೌದಿಗೆ ಅಡ್ಡಕ್ಕೆ 8, ಉದ್ದಕ್ಕೆ 10, ಒಟ್ಟು 80 ಚೌಕ. ಎಂದರೆ 720 ತುಂಡು. 36 ಇಂಚು ಪನ್ನೆಯ ಒಂದು ಮೀಟರ್ ಬಟ್ಟೆಯಲ್ಲಿ 110 ತುಂಡು ಸಿಗುವುದರಿಂದ ಹೊಸ ಬಟ್ಟೆಯಾದರೆ ಆರೂವರೆ ಮೀಟರಿಗೆ ತುಸು ಹೆಚ್ಚು ಬೇಕು. ಹಳೆ ಬಟ್ಟೆಯಲ್ಲಿ ಹರಕು, ಕಲೆ ಬಿಟ್ಟು ಕತ್ತರಿಸಬೇಕಾದ್ದರಿಂದ ಅದರ ಎರಡು ಪಟ್ಟು ಇಟ್ಟುಕೊಳ್ಳುವುದು ಕ್ಷೇಮ.

ಚೌಕದ ಸುತ್ತ ಚೌಕ ಬರುವ ಚಿತ್ತಾರ ಅರೆಗೌದಿಗೆ ಇನ್ನೂ ಅನುಕೂಲ, ಏಕೆಂದರೆ ಅದಕ್ಕೆ ಸಣ್ಣ ಪಟ್ಟಿಗಳೇ ಸಾಕು. ನಡುವಿಗೆ ಮೂರೂವರೆ ಇಂಚಿನ ಒಂದು ತುಂಡು, ಅದರ ನಾಲ್ಕು ಬದಿಗೆ ಎರಡು ಇಂಚು ಅಗಲದ ಪಟ್ಟಿ, ಅದರಾಚೆ ಇನ್ನೊಂದು ಸುತ್ತು. ಒಂದೊಂದು ಸುತ್ತಿಗೆ ಚೌಕ 3 ಇಂಚು ಬೆಳೆದು, ಎರಡನೆಯ ಸುತ್ತಿಗೆ ಇದೂ 9 ಇಂಚಿಗೆ ಬರುತ್ತದೆ, ಒಂಬತ್ತು ಮನೆಯ ಚೌಕದ ಪಕ್ಕ ಸರಿಯಾಗಿ ಕೂರುತ್ತದೆ. ಸವೆದ ಬಟ್ಟೆಯ ಪಟ್ಟಿಗಳನ್ನು ಬರಿದೇ ಕೂಡಿಸದೆ ಅಡಿಯಲ್ಲಿ ಧೋತರದ ತುಂಡಿಟ್ಟು ಅದಕ್ಕೆ ಸೇರಿಸಿ ಹೊಲಿದರೆ ಬಾಳಿಕೆ ಹೆಚ್ಚು. ತ್ರಿಕೋನ ಬೇಕಾದಲ್ಲಿ ಎರಡು ಬಣ್ಣದ 4 ಇಂಚಿನ ಚೌಕಗಳನ್ನು ಮುಖಕ್ಕೆ ಮುಖ ಸೇರಿಸಿ, ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಬದಿಗೆ ಕಾಲು ಇಂಚು ಬಿಟ್ಟು ಹೊಲಿದು, ಆಮೇಲೆ ಗೆರೆಯ ಮೇಲೆ ಕತ್ತರಿಸಬೇಕು. ಎರಡು ಚೌಕ ಒಟ್ಟಿಗೆ ಸಿಗುತ್ತವೆ. ಅವನ್ನು ಮೂರೂವರೆ ಇಂಚಿಗೆ ಸರಿಮಾಡಿಕೊಂಡರಾಯಿತು. ಮೊದಲೇ ತ್ರಿಕೋನ ಕತ್ತರಿಸಿಟ್ಟರೆ ಓರೆ ಅಂಚು ಹಿಗ್ಗಿ ಅಳತೆ ಕೆಡುತ್ತದೆ.

ಎಲ್ಲ ಅರೆಗೌದಿಯನ್ನೂ ಪೂರ್ಣ ಕೌದಿ ಮಾಡಲೇಬೇಕೆಂಬ ಹಟ ಬೇಡ. ಅರ್ಧ ಕೊಳೆತದ್ದರ ಗಟ್ಟಿ ಭಾಗದಲ್ಲಿ ತೊಟ್ಟಿಲಿನ ಕೌದಿ ಆಗುತ್ತದೆ, ಕೂಸಿನ ತಲೆ ಬೆನ್ನು ಮುಚ್ಚುವ ಕುಂಚಿಗೆ ಆಗುತ್ತದೆ, ಕಾರಹುಣ್ಣಿಮೆಗೆ ಎತ್ತಿನ ಬೆನ್ನಿಗೆ ಹೊದಿಸುವ ಜೂಲವೂ ಆಗುತ್ತದೆ. ನಾಲ್ಕೇ ಚೌಕ ಉಳಿದಿದ್ದರೆ ಒಂದು ಚೀಲ. ಪಟ್ಟಣದ ಅಂಗಡಿಗಳಲ್ಲಿ ಈಗ ಹೊಸ ಬಟ್ಟೆಯಲ್ಲಿ ಯಂತ್ರದಿಂದ ಹೊಲಿದ ತೇಪೆ ಹೊದಿಕೆಗಳು ಸಿಗುತ್ತವೆ. ಅವು ಚೆಂದವಿರಬಹುದು, ಸವೆದ ಹತ್ತಿಯ ಮೆತ್ತನೆ ಅವುಗಳಲ್ಲಿಲ್ಲ. ಹಳೆಯದನ್ನು ಕೂಲಿಗೆ ಮುಗಿಸಿಕೊಡುವ ಹೆಂಗಸರು ಸಿಕ್ಕಲ್ಲಿ, ಹೊಸ ಚಾದರದ ಬೆಲೆಗೆ ಹೋಲಿಸಿ ಚೌಕಾಸಿ ಮಾಡುವುದು ನ್ಯಾಯವಲ್ಲ. ಇಡೀ ಮೈಗೆ ಬೆರಳಗಲ ಬೆರಳಗಲ ಬಿಟ್ಟು ಹಾಕುವ ಸಾಲು ದಿನಗಟ್ಟಲೆ ದುಡಿಮೆ.

ಮುಗಿದ ಕೌದಿಯನ್ನು ಒಗೆಯುವುದೂ ಒಂದು ಕೆಲಸವೇ. ನೆನೆದರೆ ಬಹಳ ಭಾರವಾಗುವುದರಿಂದ ಹಿಂದೆ ಹೊಳೆಗೆ ಒಯ್ದು ಬಂಡೆಯ ಮೇಲೆ ಹರವುತ್ತಿದ್ದರು. ಈಗ ದೊಡ್ಡ ತೊಟ್ಟಿಯಲ್ಲಿ ಸೌಮ್ಯ ಸಾಬೂನಿನ ತಣ್ಣೀರಿಗೆ ಹಾಕಿ ಕಾಲಲ್ಲಿ ತುಳಿದರೆ ಸಾಕು. ಹಿಂಡಿ ತಿರುಚಿದರೆ ಹಳೆಯ ದಾರ ಕಡಿಯುತ್ತದೆ. ಹಗ್ಗಕ್ಕೆ ತೂಗುಹಾಕಿದರೆ ನೀರಿನ ಭಾರಕ್ಕೆ ಹೊಲಿಗೆ ಜಗ್ಗುವುದರಿಂದ ನೆಲದ ಮೇಲೋ ಹೊರಸಿನ ಮೇಲೋ ಹರವಿ, ಬಣ್ಣದ ಮೈ ಕೆಳಗೆ ಮಾಡಿ ಒಣಗಿಸಬೇಕು. ಒಳಪದರ ಒಣಗಲು ಹೊರಗಿನದಕ್ಕಿಂತ ಒಂದು ದಿನ ಹೆಚ್ಚೇ ಬೇಕು. ಎತ್ತಿಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಹಳೆಯ ಧೋತರದಲ್ಲಿ ಸುತ್ತಿ, ಒಣಗಿದ ಬೇವಿನೆಲೆ ಹಾಕಿ, ಪ್ರತಿ ಬೇಸಿಗೆಯಲ್ಲೂ ಹೊರತೆಗೆದು ಬಿಸಿಲು ಕಾಣಿಸಿ ಹಿಂದಿನ ಮಡಿಕೆ ಬಿಟ್ಟು ಬೇರೆ ಕಡೆ ಮಡಿಚಿಡಬೇಕು.